ಲಿನೋ ಅಚ್ಚುಚಿತ್ರದ ತರಗತಿ: ಮೊದಲ ದಿನವೇ ಅಚ್ಚು ತೆಗೆಸಿ

ಲಿನೋಲಿಯಂ ಹಲಗೆಯನ್ನು ಉಳಿಯಿಂದ ಕೆತ್ತಿ, ಇಂಕು ಹಚ್ಚಿ, ಕಾಗದಕ್ಕೆ ಒತ್ತಿ ತೆಗೆಯುವುದೇ ಲಿನೋ ಅಚ್ಚುಚಿತ್ರ. ಚಿತ್ರಕಲಾ ತರಗತಿಯಲ್ಲಿ ಈ ಲಿನೋ ಕೆತ್ತನೆ ಕಲಿಸುವವರು ಸಾಮಾನ್ಯವಾಗಿ ಮೂರು ವಾರ ಚಿತ್ರ ಬಿಡಿಸುವುದಕ್ಕೆ, ಎರಡು ವಾರ ಕೆತ್ತುವುದಕ್ಕೆ, ಕೊನೆಯ ಒಂದು ದಿನ ಅಚ್ಚು ತೆಗೆಯುವುದಕ್ಕೆ ಎಂದು ವೇಳೆ ಹಂಚುತ್ತಾರೆ. ಆ ಕೊನೆಯ ದಿನ ನಲವತ್ತು ಮಕ್ಕಳು ಇಂಕು ಹಚ್ಚುವ ಎರಡು ರೋಲರುಗಳಿಗೆ ಮುಗಿಬೀಳುತ್ತಾರೆ. ಗಂಟೆ ಬಾರಿಸುವ ಹೊತ್ತಿಗೆ ಅರ್ಧ ತರಗತಿಯ ಕೈಯಲ್ಲಿ ಮಸುಕಾದ ಒಂದೊಂದು ಹಾಳೆ, ಉಳಿದರ್ಧಕ್ಕೆ ಅದೂ ಇಲ್ಲ. ಎಲ್ಲಿ ಎಡವಟ್ಟಾಯಿತೆಂದು ನೋಡುವುದಕ್ಕೇ ಪುರುಸೊತ್ತಿಲ್ಲದಿರುವಾಗ ತಿದ್ದುವುದು ದೂರದ ಮಾತು.

ಈ ಮಾರ್ಗದರ್ಶಿಯ ಕ್ರಮ ಅದಕ್ಕೆ ತಿರುಗುಮುರುಗು. ಮೊದಲ ದಿನವೇ ಅಚ್ಚು ತೆಗೆಸಬೇಕು; ಆಮೇಲೂ ಕೆತ್ತನೆ ಅರ್ಧದಲ್ಲಿರುವಾಗಲೇ ಮತ್ತೆ ಮತ್ತೆ ತೆಗೆಸಬೇಕು. ಕೆತ್ತಿದ್ದು ಬಿಳಿಯಾಗುತ್ತದೆ, ಬಿಟ್ಟದ್ದು ಕಪ್ಪಾಗುತ್ತದೆ, ಬಲಗಡೆ ಇದ್ದದ್ದು ಎಡಗಡೆಗೆ ಹೋಗುತ್ತದೆ ಎಂಬ ಮೂರು ಮಾತನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದರೂ ಮಕ್ಕಳು ತಲೆಯಾಡಿಸುತ್ತಾರೆ, ಅಷ್ಟೇ. ತಾನೇ ಕೆತ್ತಿದ ಹಲಗೆಯ ಮೇಲಿಂದ ಹಸಿ ಹಾಳೆಯನ್ನು ಎತ್ತಿ, "ಸರ್, ಆನೆ ಆ ಕಡೆ ತಿರುಗಿಬಿಟ್ಟಿದೆ!" ಎಂದು ಕೂಗಿದ ಹುಡುಗಿಗೆ ಮಾತ್ರ ಅದು ಮತ್ತೆ ಮರೆಯುವುದಿಲ್ಲ. ಹೀಗೆ ನೋಡಿ ತಿದ್ದುವುದಕ್ಕೆಂದು ತೆಗೆಯುವ ಅಚ್ಚೇ ಪ್ರೂಫ್. ಮೊದಲ ಪ್ರೂಫಿಗೂ ಎರಡನೆಯ ಪ್ರೂಫಿಗೂ ನಡುವೆ ನಡೆಯುವುದೇ ನಿಜವಾದ ಪಾಠ. ಅದಕ್ಕೆ ಜಾಗ ಮಾಡಿಕೊಡುವುದೇ ಶಿಕ್ಷಕರ ಕೆಲಸ.

ಎಂಟನೆಯ ತರಗತಿಯಿಂದ ಮೇಲಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ನಲವತ್ತು ನಿಮಿಷದ ಎರಡು ಅವಧಿಗಳನ್ನು ಜೋಡಿಸಿಕೊಡುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿ. ಒಂಟಿ ಅವಧಿಯಲ್ಲಿ ಸಾಮಾನು ಹರಡಿ ಎತ್ತಿಡುವುದರಲ್ಲೇ ಕಾಲ ಕಳೆಯುತ್ತದೆ. ಅಂಥ ಆರು ಜೋಡಿ ಅವಧಿಗಳು ಸಾಕು: ಒಂದು ಅಭ್ಯಾಸಕ್ಕೆ, ಒಂದು ವಿನ್ಯಾಸಕ್ಕೆ, ಒಂದು ಕೆತ್ತನೆಗೆ, ಒಂದು ಮೊದಲ ಪ್ರೂಫಿಗೆ, ಒಂದು ತಿದ್ದುಪಡಿಗೆ, ಕೊನೆಯದು ಪೂರ್ತಿ ಪ್ರತಿಗಳನ್ನು ತೆಗೆಯುವುದಕ್ಕೆ.

ಐದರಿಂದ ಏಳನೆಯ ತರಗತಿಯವರಾದರೆ ಉಳಿ ಬೇಡ. ತೆಳುವಾದ ಫೋಮ್ ಹಾಳೆ ಅಥವಾ ಥರ್ಮೋಕೋಲ್ ತಟ್ಟೆಯ ಚಪ್ಪಟೆ ಭಾಗವನ್ನು ಕತ್ತರಿಸಿ ಕೊಟ್ಟು, ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೆರೆ ಎಳೆಸಿ. ಒತ್ತಿದ ಗೆರೆ ಬಿಳಿಯಾಗಿ ಬರುತ್ತದೆ. ಇನ್ನೂ ಚಿಕ್ಕವರಿಗೆ ಬೆಂಡೆಕಾಯಿ, ಆಲೂಗಡ್ಡೆಯ ಅಚ್ಚು ಇದ್ದೇ ಇದೆ. ಮುಂದೆ ಹೇಳುವ ಇಂಕಿನ ಮಾತು ಫೋಮಿಗೂ ಅನ್ವಯಿಸುತ್ತದೆ.

ಸಾಮಾನು ಹೊಂದಿಸುವುದು

ಲಿನೋಲಿಯಂ ಹುಟ್ಟಿದ್ದು ಕಲೆಗಾಗಿ ಅಲ್ಲ, ನೆಲಕ್ಕೆ ಹಾಸುವುದಕ್ಕಾಗಿ. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ 1860ರ ದಶಕದಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಗಾಳಿಗೆ ಒಡ್ಡಿ ಗಟ್ಟಿ ಮಾಡಿದ ಅಗಸೆ ಎಣ್ಣೆಗೆ ಕಾರ್ಕ್ ಪುಡಿ ಮತ್ತು ರಾಳ ಬೆರೆಸಿ ಸೆಣಬಿನ ಬಟ್ಟೆಯ ಮೇಲೆ ಒತ್ತಿದರೆ ಲಿನೋ. ಈ ಪಾಕವಿಧಾನ ತಿಳಿದಿದ್ದರೆ ಅಂಗಡಿಯಲ್ಲಿ ಮೋಸ ಹೋಗುವುದಿಲ್ಲ. ನೆಲಹಾಸಿನ ಅಂಗಡಿಗಳಲ್ಲಿ ಲಿನೋಲಿಯಂ ಎಂಬ ಹೆಸರಿನಲ್ಲಿ ಮಾರುವುದು ಬಹುಪಾಲು ಪಿ.ವಿ.ಸಿ. ಹಾಳೆ, ಅದರಲ್ಲಿ ಉಳಿ ಜಾರುತ್ತದೆ, ಸೀಳಿಕೊಂಡು ಹೋಗುತ್ತದೆ. ಹಿಂಬದಿಯಲ್ಲಿ ಸೆಣಬಿನ ನೇಯ್ಗೆ ಕಾಣಬೇಕು, ಮೂಗಿಗೆ ಹಿಡಿದರೆ ಎಣ್ಣೆಯ ವಾಸನೆ ಬರಬೇಕು, ಮೂಲೆಯಲ್ಲಿ ಉಗುರೊತ್ತಿದರೆ ಸಣ್ಣ ಗುರುತು ಉಳಿಯಬೇಕು. ಚಿತ್ರಕಲಾ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸುಮಾರು ಮೂರು ಮಿಲಿಮೀಟರ್ ದಪ್ಪದ ಅಸಲಿ ಲಿನೋ ಸಿಗುತ್ತದೆ. ಆದರೆ ಒಂದು ವರ್ಷಕ್ಕೆ ಬೇಕಾದಷ್ಟನ್ನೇ ಕೊಳ್ಳಿ. ಅಗಸೆ ಎಣ್ಣೆ ಗಟ್ಟಿಯಾಗುವುದನ್ನು ನಿಲ್ಲಿಸುವುದೇ ಇಲ್ಲ. ಹಳೆಯ ಹಾಳೆ ಬಿರುಸಾಗಿ, ಕೆತ್ತುವಾಗ ಪುಡಿಪುಡಿಯಾಗಿ ಉದುರುತ್ತದೆ.

ಒಬ್ಬೊಬ್ಬರಿಗೆ ಹತ್ತು ಸೆಂಟಿಮೀಟರ್ ಅಗಲ, ಹದಿನೈದು ಸೆಂಟಿಮೀಟರ್ ಉದ್ದದ ತುಂಡು ಸಾಕು. ಇದಕ್ಕಿಂತ ದೊಡ್ಡದು ಕೊಟ್ಟರೆ ಅರ್ಧದಷ್ಟು ಮಕ್ಕಳು ಕೆತ್ತನೆ ಮುಗಿಸುವುದಿಲ್ಲ, ಚಿಕ್ಕದಾದರೆ ವಿವರಗಳಲ್ಲಿ ಸಿಕ್ಕಿಕೊಳ್ಳುತ್ತಾರೆ. ತುಂಡು ಮಾಡುವ ಕೆಲಸ ನಿಮ್ಮದು. ಲಿನೋ ಮುಖದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಕಟರ್‌ನಿಂದ ಆಳವಾಗಿ ಗೀರಿ, ಹಿಂದಕ್ಕೆ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಹಿಂಬದಿಯ ಸೆಣಬನ್ನು ಆಮೇಲೆ ಕೊಯ್ಯಿರಿ. ಕೈ ಮೆತ್ತಗಿರುವ ಮಕ್ಕಳಿಗೆ ರಬ್ಬರಿನಂಥ ಮೃದು ಹಲಗೆಯೂ ಸಿಗುತ್ತದೆ. ಕೆತ್ತುವುದಕ್ಕೆ ಹಗುರ, ಬೆಲೆ ಹೆಚ್ಚು, ಸಣ್ಣ ಗೆರೆಗಳು ಅಷ್ಟು ಚೊಕ್ಕಟವಾಗಿ ನಿಲ್ಲುವುದಿಲ್ಲ.

ಉಳಿಗಳಲ್ಲಿ ಎರಡು ಬಗೆ ಇದ್ದರೆ ಸಾಕು. ವಿ ಆಕಾರದ ಬಾಯಿಯದು ಗೆರೆಗೆ, ಯು ಆಕಾರದ ಅಗಲ ಬಾಯಿಯದು ಬಯಲು, ಅಂದರೆ ಬಿಳಿಯಾಗಬೇಕಾದ ಅಗಲ ಜಾಗ, ತೆಗೆಯುವುದಕ್ಕೆ. ಐದು ಬಾಯಿಗಳ ಅಗ್ಗದ ಸೆಟ್ಟುಗಳನ್ನು ಇಪ್ಪತ್ತು ಕೊಳ್ಳುವುದಕ್ಕಿಂತ ಒಳ್ಳೆಯ ಉಕ್ಕಿನ ಎರಡೆರಡು ಉಳಿಗಳನ್ನು ಹತ್ತು ಜೊತೆ ಕೊಂಡು, ಸಾಣೆಕಲ್ಲಿನಲ್ಲಿ ಹರಿತವಾಗಿ ಇಟ್ಟುಕೊಳ್ಳುವುದೇ ಲಾಭ ಎಂದು ನನ್ನ ಅಭಿಪ್ರಾಯ. ಮಕ್ಕಳ ಕೈಗೆ ಗಾಯವಾಗುವುದು ಬಹುತೇಕ ಮೊಂಡು ಉಳಿಯಿಂದ. ಅದು ಹೆಚ್ಚು ಬಲ ಕೇಳುತ್ತದೆ, ಬಲ ಹಾಕಿದಾಗ ಜಾರುತ್ತದೆ.

ಬಡಗಿಯಿಂದ ಮಾಡಿಸಲೇಬೇಕಾದ ಒಂದು ಸಾಮಾನಿದೆ: ತಡೆಹಲಗೆ. ಒಂಬತ್ತು ಅಂಗುಲಕ್ಕೆ ಹನ್ನೆರಡು ಅಂಗುಲದ ಪ್ಲೈವುಡ್ ತುಂಡು. ಅದರ ಒಂದು ಅಂಚಿಗೆ ಮೇಲ್ಗಡೆ ಒಂದು ಮರದ ರೀಪು, ಎದುರಿನ ಅಂಚಿಗೆ ಕೆಳಗಡೆ ಇನ್ನೊಂದು. ಕೆಳಗಿನ ರೀಪು ಮೇಜಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಮೇಲಿನ ರೀಪು ಲಿನೋವನ್ನು ಮುಂದಕ್ಕೆ ಜಾರದಂತೆ ತಡೆಯುತ್ತದೆ. ಎಡಗೈ ಮಕ್ಕಳಿಗೂ ಹೊಂದಬೇಕಾದರೆ ಮೇಲಿನ ರೀಪು ಪೂರ್ತಿ ಅಗಲಕ್ಕೆ ಇರಲಿ. ಹಳೆಯ ಪ್ಯಾಕಿಂಗ್ ಪೆಟ್ಟಿಗೆಯ ಮರದಲ್ಲೂ ಇದನ್ನು ಮಾಡಬಹುದು. ತಡೆಹಲಗೆ ಇಲ್ಲದೆ ಉಳಿ ಹಂಚಬೇಡಿ.

ಇಂಕು ಹರಡಲು ಗಾಜಿಗಿಂತ ಬಿಳಿ ವಿಟ್ರಿಫೈಡ್ ಟೈಲ್ ಒಳ್ಳೆಯದು. ಒಡೆಯುವ ಭಯವೂ ಕಡಿಮೆ. ಮನೆ ಕಟ್ಟುವವರ ಬಳಿ ಉಳಿದ ಒಂದೆರಡು ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಕಡಪಾ ಕಲ್ಲು ಬೇಡ: ಮೈ ತರಿ, ಬಣ್ಣವೂ ಕಪ್ಪು, ಕಪ್ಪು ಇಂಕು ಎಷ್ಟು ದಪ್ಪವಾಗಿದೆಯೆಂದು ಅದರ ಮೇಲೆ ಕಾಣುವುದೇ ಇಲ್ಲ. ಹತ್ತು ಮಕ್ಕಳಿಗೊಂದು ರಬ್ಬರ್ ರೋಲರ್ ಬೇಕು. ಒತ್ತುವುದಕ್ಕೆ ಯಂತ್ರ ಬೇಕಿಲ್ಲ; ಮರದ ಸೌಟಿನ ಬೆನ್ನು ಅಥವಾ ದಪ್ಪ ಸ್ಟೀಲ್ ಚಮಚದ ಬೆನ್ನು ಸಾಕು.

ಇಂಕಿನ ಆಯ್ಕೆಯಲ್ಲಿ ಮಾತ್ರ ಸ್ವಲ್ಪ ಯೋಚಿಸಿ. ನೀರಿನಲ್ಲಿ ಕರಗುವ ಬ್ಲಾಕ್ ಪ್ರಿಂಟಿಂಗ್ ಇಂಕು ತೊಳೆಯಲು ಸುಲಭ, ಬೇಗ ಒಣಗುತ್ತದೆ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಟೈಲಿನ ಮೇಲೇ ಒಣಗಿಬಿಡುತ್ತದೆ, ಫ್ಯಾನ್ ಹಾಕಿದರೆ ಇನ್ನೂ ಬೇಗ. ಊರಿನ ಮುದ್ರಣಾಲಯದಲ್ಲಿ ಸಿಗುವ ಆಫ್‌ಸೆಟ್ ಇಂಕು ಎಣ್ಣೆಯದು. ಕಡುಗಪ್ಪು ಬರುತ್ತದೆ, ಇಡೀ ತರಗತಿ ಮುಗಿಯುವವರೆಗೆ ಹದವಾಗಿರುತ್ತದೆ, ಒಂದು ಡಬ್ಬಿ ವರ್ಷಗಟ್ಟಲೆ ಬರುತ್ತದೆ. ಕೊರತೆಯೆಂದರೆ ಒಣಗಲು ಎರಡು ಮೂರು ದಿನ, ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು. ಬಟ್ಟೆಗೆ ಹತ್ತಿದರೆ ಮನೆಯವರ ಬೈಗುಳ ನಿಮಗೇ ಬರುತ್ತದೆ, ಆದ್ದರಿಂದ ಹಳೆಯ ಅಂಗಿ ತರಲು ಹೇಳಿ. ಪೋಸ್ಟರ್ ಬಣ್ಣ, ಅಕ್ರಿಲಿಕ್ ಎರಡೂ ಈ ಕೆಲಸಕ್ಕಲ್ಲ. ಮೊದಲನೆಯದು ನೀರಾಗಿ ಗೆರೆಗಳೊಳಗೆ ಇಳಿಯುತ್ತದೆ, ಎರಡನೆಯದು ಒಣಗುತ್ತ ಹಾಳೆಯನ್ನು ಹಲಗೆಗೆ ಅಂಟಿಸಿಬಿಡುತ್ತದೆ.

ಪ್ರೂಫಿಗೆ ನ್ಯೂಸ್‌ಪ್ರಿಂಟ್ ಕಾಗದ. ಕೊನೆಯ ಪ್ರತಿಗಳಿಗೆ ತೆಳುವಾದ ಕೈಕಾಗದ ಅಥವಾ ನೇಪಾಳಿ ಕಾಗದ. ದಪ್ಪ ಡ್ರಾಯಿಂಗ್ ಹಾಳೆಗೆ ಚಮಚದ ಒತ್ತಡ ಸಾಲುವುದಿಲ್ಲ.

ಮೊದಲ ಜೋಡಿ ಅವಧಿ: ತುಂಡಿನ ಮೇಲೆ ಆಟ

ಚಿತ್ರದ ಮಾತೇ ಎತ್ತಬೇಡಿ. ಬೆಂಕಿಪೊಟ್ಟಣದ ಎರಡರಷ್ಟು ಅಳತೆಯ ಲಿನೋ ಚೂರುಗಳನ್ನು ಹಂಚಿ, ಉಳಿ ಹಿಡಿಯುವುದನ್ನು ತೋರಿಸಿ. ಹಿಡಿ ಅಂಗೈಯ ಗುಳಿಯಲ್ಲಿ ಕೂರಬೇಕು, ತೋರುಬೆರಳು ಉಕ್ಕಿನ ಮೇಲೆ ಚಾಚಿರಬೇಕು, ಉಳಿ ಬಹುತೇಕ ಮಲಗಿದಂತೆ ಇರಬೇಕು. ಎತ್ತಿ ಹಿಡಿದರೆ ಬಾಯಿ ಕೆಳಕ್ಕೆ ಕಚ್ಚಿಕೊಂಡು ಸೆಣಬಿನವರೆಗೆ ಹೋಗಿ ನಿಂತುಬಿಡುತ್ತದೆ. ಸರಿಯಾದ ಓರೆಯಲ್ಲಿ ತಳ್ಳಿದಾಗ ಲಿನೋ ತೆಳುವಾದ ಸುರುಳಿಯಾಗಿ ಏಳುತ್ತದೆ, ಮುರಿಯದೆ ಉದ್ದಕ್ಕೆ ಬರುತ್ತದೆ. ಆ ಸುರುಳಿ ಕಂಡರೆ ಓರೆ ಸರಿ, ಪುಡಿ ಬಂದರೆ ಓರೆ ತಪ್ಪು ಅಥವಾ ಉಳಿ ಮೊಂಡು. ಆಳ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚಾದರೆ ಸಾಕು.

ಸುರಕ್ಷತೆಯ ನಿಯಮಗಳು ಹತ್ತು ಇದ್ದರೆ ಒಂದೂ ನೆನಪಿರುವುದಿಲ್ಲ. ಮೂರೇ ಸಾಕು. ಎರಡೂ ಕೈ ಸದಾ ಉಳಿಯ ಬಾಯಿಯ ಹಿಂದೆ ಇರಬೇಕು. ವಕ್ರಗೆರೆ ಬಂದಾಗ ಉಳಿಯನ್ನಲ್ಲ, ಹಲಗೆಯನ್ನು ತಿರುಗಿಸಬೇಕು. ಉಳಿ ಹಿಡಿದು ಯಾರೂ ಎದ್ದು ಓಡಾಡಕೂಡದು. ಇದನ್ನು ಜಾರಿಗೆ ತರುವ ಉಪಾಯ ಗಟ್ಟಿ ದನಿಯಲ್ಲಿಲ್ಲ, ಎಣಿಕೆಯಲ್ಲಿದೆ. ಉಳಿಗಳಿಗೆ ನಂಬರ್ ಬರೆದು, ಗುಳಿ ಕೊರೆದ ಮರದ ತುಂಡಿನಲ್ಲಿ ನಿಲ್ಲಿಸಿಡಿ. ತರಗತಿ ಮುಗಿಯುವ ಹತ್ತು ನಿಮಿಷ ಮೊದಲು ಎಲ್ಲವೂ ಗುಳಿಗೆ ಮರಳಬೇಕು. ಒಂದು ಗುಳಿ ಖಾಲಿಯಿದ್ದರೂ ಯಾರೂ ಹೊರಗೆ ಹೋಗುವಂತಿಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮೇಜಿನ ಮೇಲೇ ಇರಲಿ, ಕಚೇರಿಯ ಬೀರುವಿನಲ್ಲಿ ಅಲ್ಲ.

ಚಳಿಗಾಲದ ಬೆಳಿಗ್ಗೆ ಲಿನೋ ಗಡುಸಾಗಿರುತ್ತದೆ. ಹದಿನೈದು ನಿಮಿಷ ಬಿಸಿಲಿಗಿಟ್ಟರೆ ಬೆಣ್ಣೆಯಾಗುತ್ತದೆ. ಬಿಸಿಲಿಲ್ಲದಿದ್ದರೆ ಹಲಗೆಯ ಮೇಲೆ ಸ್ವಲ್ಪ ಹೊತ್ತು ಕುಳಿತುಕೊಳ್ಳಲು ಹೇಳಿ, ಮಕ್ಕಳಿಗೆ ಈ ಉಪಾಯ ಬಹಳ ಇಷ್ಟ.

ಚೂರಿನ ಮೇಲೆ ಅವರು ಮಾಡಬೇಕಾದದ್ದು ಇಷ್ಟೇ: ನೇರ ಗೆರೆ, ವಕ್ರ ಗೆರೆ, ಚುಕ್ಕಿ, ಒತ್ತೊತ್ತಾದ ಗೆರೆಗಳು, ಅಡ್ಡ ಮತ್ತು ಉದ್ದ ಗೆರೆಗಳ ಹೆಣಿಗೆ, ಯು ಉಳಿಯಿಂದ ತೆಗೆದ ಒಂದಿಷ್ಟು ಬಯಲು. ಅರ್ಧ ಗಂಟೆಯಾದ ಮೇಲೆ ನಿಲ್ಲಿಸಿ ಎಲ್ಲವನ್ನೂ ಅಚ್ಚು ತೆಗೆಸಿ. ಪ್ರತಿಯೊಬ್ಬರ ಚೂರನ್ನೂ ಒಂದೇ ದೊಡ್ಡ ಹಾಳೆಯ ಮೇಲೆ ಒತ್ತಿದರೆ ತರಗತಿಗೊಂದು ಗೆರೆಗಳ ಕೋಶವಾಗುತ್ತದೆ. ಗೋಡೆಗೆ ಅಂಟಿಸಿ. ಮುಂದಿನ ವಾರಗಳಲ್ಲಿ "ಹುಲ್ಲು ಹೇಗೆ ಕೆತ್ತುವುದು ಸರ್?" ಎಂದು ಕೇಳಿದವರಿಗೆ ಆ ಗೋಡೆಯನ್ನೇ ತೋರಿಸಿ.

ವಿನ್ಯಾಸ: ಬೂದು ಬಣ್ಣವಿಲ್ಲದ ಲೋಕ

ಲೋವರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳಿಗೆ ತಯಾರಾದ ಮಕ್ಕಳಿಗೇ ಇಲ್ಲಿ ಹೆಚ್ಚು ತೊಡಕು. ಪೆನ್ಸಿಲ್ಲಿನಲ್ಲಿ ಹಂತಹಂತವಾಗಿ ನೆರಳು ತುಂಬುವುದು ಅವರಿಗೆ ರೂಢಿ. ಲಿನೋದಲ್ಲಿ ನಡುವಣ ಛಾಯೆಯಿಲ್ಲ. ಒಂದು ಜಾಗ ಕಪ್ಪು, ಇಲ್ಲವೇ ಬಿಳಿ. ಬೂದು ಬೇಕೆಂದರೆ ಅದನ್ನು ಗೆರೆಗಳಿಂದಲೋ ಚುಕ್ಕಿಗಳಿಂದಲೋ ಕಟ್ಟಬೇಕು. ಹಾಗಾಗಿ ವಿನ್ಯಾಸದ ದಿನ ಪೆನ್ಸಿಲ್ ಕಿತ್ತುಕೊಂಡು ಕಪ್ಪು ಕಾಗದ ಮತ್ತು ಬಿಳಿ ಸೀಮೆಸುಣ್ಣ ಕೊಡಿ. ಸೀಮೆಸುಣ್ಣ ತಾಗಿದ ಜಾಗವನ್ನೇ ಉಳಿ ತೆಗೆಯುತ್ತದೆ ಎಂದು ಒಂದೇ ವಾಕ್ಯದಲ್ಲಿ ಹೇಳಿದರೆ ಸಾಕು. ಅರ್ಧ ಪಾಠ ಅಲ್ಲೇ ಆಗಿಹೋಗುತ್ತದೆ.

ನೋಡಿಸಲು ಏನನ್ನು ತರಬೇಕು? ಮೊದಲು ಶಾಂತಿನಿಕೇತನದ ಕಲಾವಿದ ನಂದಲಾಲ್ ಬೋಸ್ 1930ರಲ್ಲಿ ದಂಡಿ ಯಾತ್ರೆಯ ಹೊತ್ತಿಗೆ ಮಾಡಿದ ಗಾಂಧೀಜಿಯ ಲಿನೋಕಟ್ (ಲಿನೋ ಅಚ್ಚುಚಿತ್ರ). ಕೋಲು ಹಿಡಿದು ನಡೆಯುತ್ತಿರುವ ಆ ಆಕೃತಿಯಲ್ಲಿ ಎಷ್ಟು ಕಡಿಮೆ ಗೆರೆಗಳಿವೆಯೆಂದು ಮಕ್ಕಳೇ ಎಣಿಸಲಿ. ಮುಖದಲ್ಲಿ ಏನನ್ನು ಬಿಟ್ಟಿದ್ದಾರೆ, ಏನನ್ನು ತೆಗೆದಿದ್ದಾರೆ ಎಂದು ಕೇಳಿ. ಅದೇ ಬೋಸ್ ರವೀಂದ್ರನಾಥ ಠಾಕೂರರ ಬಂಗಾಳಿ ಬಾಲಪಾಠಕ್ಕೂ ಲಿನೋ ಚಿತ್ರಗಳನ್ನು ಕೆತ್ತಿದ್ದರು ಎನ್ನುವುದು ಮಕ್ಕಳಿಗೆ ಹಿಡಿಸುವ ಸಂಗತಿ. ಬಂಗಾಳದ ಕಲಾವಿದ ಚಿತ್ತಪ್ರಸಾದರು ದುಡಿಯುವ ಮಕ್ಕಳನ್ನು ಕುರಿತು ಮಾಡಿದ ಲಿನೋಕಟ್‌ಗಳು ಸಿಕ್ಕರೆ ಅವನ್ನೂ ತನ್ನಿ. ಇಡೀ ಹಲಗೆಯನ್ನು ಗೆರೆಗಳಿಂದ ತುಂಬಿಯೂ ಗಲಿಬಿಲಿಯಾಗದಂತೆ ಮಾಡುವುದು ಹೇಗೆಂದು ಅವುಗಳಲ್ಲಿ ಕಾಣುತ್ತದೆ.

ನಮ್ಮ ಕಡೆಯಲ್ಲೇ ಇರುವ ಮಾದರಿಗಳು ಇವಕ್ಕಿಂತಲೂ ನೇರವಾಗಿ ಮಾತನಾಡುತ್ತವೆ. ಉತ್ತರ ಕನ್ನಡ ಮತ್ತು ಗೋವೆಯ ಹಳೆಯ ದೇಗುಲಗಳ ಗೋಡೆಗಳಲ್ಲಿರುವ ಕಾವಿ ಕಲೆಯನ್ನು ನೋಡಿ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಯ ಪದರ ಬಳಿದು, ಅದು ಹಸಿಯಿರುವಾಗಲೇ ಮೊನೆಯಿಂದ ಕೆರೆದು ತೆಗೆದರೆ ಅಡಿಯ ಬಿಳಿ ಮೂಡುತ್ತದೆ. ಬಣ್ಣ ಹಚ್ಚುವುದಲ್ಲ, ಬಣ್ಣ ತೆಗೆಯುವುದೇ ಚಿತ್ರ. ಲಿನೋ ಕೆತ್ತುವವನ ತರ್ಕವೂ ಇದೇ. ತೊಗಲುಗೊಂಬೆಯನ್ನೂ ತನ್ನಿ ಅಥವಾ ಅದರ ಫೋಟೊ ತನ್ನಿ. ಒಡವೆ, ಸೀರೆಯಂಚು, ಕಿರೀಟ ಎಲ್ಲವೂ ಅದರಲ್ಲಿ ತೂತುಗಳಿಂದ ಆದವು, ಆದರೂ ಗೊಂಬೆ ಹರಿದುಹೋಗಿಲ್ಲ. ತೂತಿಗೂ ತೂತಿಗೂ ನಡುವೆ ಎಷ್ಟು ತೊಗಲು ಉಳಿಸಬೇಕೆಂಬ ಲೆಕ್ಕ ಆ ಕೈಗಳಿಗೆ ಗೊತ್ತು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ದೀವರ ಸಮುದಾಯದ ಮಹಿಳೆಯರು ಮನೆಗೋಡೆಗೆ ಬರೆಯುವ ಚಿತ್ತಾರದಲ್ಲಿ ಕೆಮ್ಮಣ್ಣಿನ ಮೇಲಿನ ಅಕ್ಕಿಹಿಟ್ಟಿನ ಬಿಳಿಗೆರೆಗಳು ನೇರವಾಗಿ ವಿ ಉಳಿಯ ಭಾಷೆಗೆ ಇಳಿಯುತ್ತವೆ. ಇವನ್ನು ನಕಲು ಮಾಡಿಸಬೇಡಿ. ಹೇಗೆ ಕಟ್ಟಿದ್ದಾರೆಂದು ನೋಡಿಸಿ, ಆಮೇಲೆ ಮಕ್ಕಳು ತಮ್ಮ ಬೀದಿಯ ಆಟೊ, ಹಿತ್ತಿಲಿನ ಬಾಳೆ, ಬಸ್ ನಿಲ್ದಾಣದ ನಾಯಿಯನ್ನು ಕೆತ್ತಲಿ.

ಮೊಬೈಲಿನಿಂದ ಇಳಿಸಿಕೊಂಡ ಕಾರ್ಟೂನ್, ಸಿನಿಮಾ ನಟರ ಮುಖ ಬೇಡ ಎಂದು ಮೊದಲೇ ಹೇಳಿಬಿಡಿ. ಇದು ಕಲೆಯ ಶುದ್ಧಿಯ ಪ್ರಶ್ನೆಯಲ್ಲ. ಮುಖದಲ್ಲಿ ಒಂದು ಗೆರೆ ತಪ್ಪಿದರೂ ನಟನ ಹೋಲಿಕೆ ಹೋಗುತ್ತದೆ, ಮಗು ಹಲಗೆ ಬಿಸಾಡುತ್ತದೆ. ಬಾಳೆ ಎಲೆಯಲ್ಲಿ ಗೆರೆ ತಪ್ಪಿದರೆ ಅದು ಇನ್ನೊಂದು ನಾರಾಗುತ್ತದೆ, ಅಷ್ಟೇ.

ಹಲಗೆಗೆ ಇಳಿಸುವುದು

ಮೊದಲು ಹಲಗೆಯ ಮೇಲೆ ತೆಳುವಾಗಿ ಬಿಳಿ ಅಥವಾ ಹಳದಿ ಬಣ್ಣ ಸವರಿ ಒಣಗಿಸಿ. ಕೆತ್ತಿದ ಜಾಗ ಆಮೇಲೆ ಎದ್ದು ಕಾಣುತ್ತದೆ. ಚಿತ್ರವನ್ನು ತೆಳು ಕಾಗದಕ್ಕೆ 6ಬಿ ಪೆನ್ಸಿಲ್ಲಿನಲ್ಲಿ ಎಳೆದು, ಮುಖ ಕೆಳಗೆ ಮಾಡಿ ಹಲಗೆಯ ಮೇಲಿಟ್ಟು, ಬೆನ್ನಿಗೆ ಚಮಚದಿಂದ ಉಜ್ಜಿ. ಚಿತ್ರ ಹಲಗೆಯ ಮೇಲೆ ತಿರುಗಿ ಬೀಳುತ್ತದೆ, ಅಚ್ಚಿನಲ್ಲಿ ಮತ್ತೆ ತಿರುಗಿ ನೆಟ್ಟಗಾಗುತ್ತದೆ. ಕಾರ್ಬನ್ ಕಾಗದ ಬಳಸುವವರು ಚಿತ್ರದ ಹಾಳೆಯನ್ನು ಕಿಟಕಿಗೆ ಹಿಡಿದು ಹಿಂಬದಿಯಿಂದ ಎಳೆಯಬೇಕಾಗುತ್ತದೆ.

ಹೆಸರು ಬರೆಯಲು ಹೊರಟವರಿಗೆ ಮಾತ್ರ ಎಚ್ಚರಿಕೆ ಬೇಕು. ಕನ್ನಡದ ಒತ್ತಕ್ಷರ ಬಲಕ್ಕೆ ಇಳಿಯುವುದರಿಂದ, ಹಲಗೆಯ ಮೇಲೆ ಅದು ಎಡಕ್ಕೆ ಇಳಿದಿರಬೇಕು. ತಲೆಕಟ್ಟಿನ ಕೊಂಡಿಯೂ ಹಾಗೆಯೇ. ಒಂದು ಚಿಕ್ಕ ಕನ್ನಡಿ ತರಗತಿಯಲ್ಲಿರಲಿ. ಕನ್ನಡಿಯಲ್ಲಿ ಓದಲು ಬಂದರೆ ಕೆತ್ತಬಹುದು.

ಕೊನೆಯದಾಗಿ, ಕಪ್ಪಾಗಿ ಉಳಿಯಬೇಕಾದ ಜಾಗವನ್ನೆಲ್ಲ ಮಾರ್ಕರ್ ಪೆನ್ನಿನಿಂದ ತುಂಬಿಸಿ. ಈ ಹಂತವನ್ನು ಬಿಟ್ಟವರು ಕೆತ್ತುವ ಭರದಲ್ಲಿ ಕಣ್ಣನ್ನೇ ತೆಗೆದುಬಿಡುತ್ತಾರೆ.

ಕೆತ್ತನೆ

ಇದಕ್ಕೆ ಮಾತು ಕಡಿಮೆ, ಕಾಲ ಹೆಚ್ಚು. ಮೊದಲು ವಿ ಉಳಿಯಿಂದ ಆಕೃತಿಯ ಹೊರಗಡೆ ಗೆರೆ ಹಾಕಿಕೊಳ್ಳಬೇಕು, ಆಮೇಲೆ ಯು ಉಳಿಯಿಂದ ಬಯಲು. ವಿ ಗೆರೆ ಬೇಲಿಯ ಕೆಲಸ ಮಾಡುತ್ತದೆ. ಅಗಲದ ಉಳಿ ಜಾರಿದರೂ ಅಲ್ಲಿಗೆ ನಿಲ್ಲುತ್ತದೆ. ಬಯಲು ತೆಗೆಯುವಾಗ ಉಳಿಯ ಗುರುತುಗಳು ಒಂದು ದಿಕ್ಕಿನಲ್ಲಿ ಹರಿಯಲಿ. ಆ ಜಾಗದಲ್ಲಿ ಅಚ್ಚಿಗೆ ಅಲ್ಲಲ್ಲಿ ಸಣ್ಣ ಕಪ್ಪು ಗೀರುಗಳು ಬರುತ್ತವೆ, ಅವು ಚಿತ್ರಕ್ಕೆ ಗಾಳಿಯನ್ನೋ ಮಣ್ಣನ್ನೋ ಕೊಡುತ್ತವೆ. ಅವನ್ನೆಲ್ಲ ಕೆರೆದು ಬೋಳು ಮಾಡಿಸಬೇಡಿ.

ಈ ಅವಧಿಯಲ್ಲಿ ನಿಮಗೆ ಬಿಡಬೇಕಾದ ಚಟವೊಂದಿದೆ: ಮಗುವಿನ ಕೈಯಿಂದ ಉಳಿ ತೆಗೆದುಕೊಂಡು ತಿದ್ದುವುದು. ಕೆತ್ತಿದ್ದನ್ನು ಯಾರೂ ಮರಳಿ ತುಂಬಲಾರರು, ಹಾಗಾಗಿ ನಿಮ್ಮ ಗೆರೆ ಆ ಹಲಗೆಯಲ್ಲಿ ಶಾಶ್ವತ. ತೋರಿಸಲೇಬೇಕಾದರೆ ನಿಮ್ಮದೊಂದು ಚೂರು ಜೇಬಿನಲ್ಲಿರಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಯೆನ್ನಾದಲ್ಲಿ ಮಕ್ಕಳಿಗೆ ಲಿನೋ ಕೆತ್ತನೆ ಮಾಡಿಸಿ ಹೆಸರಾದ ಫ್ರಾನ್ಸ್ ಚಿಜೆಕ್ ಮಕ್ಕಳ ಚಿತ್ರವನ್ನು ದೊಡ್ಡವರ ಅಳತೆಗೋಲಿನಿಂದ ತಿದ್ದಕೂಡದು ಎಂಬ ನಿಲುವಿನವನು. ಲಿನೋ ತರಗತಿಯಲ್ಲಿ ಆ ನಿಲುವು ಬರೀ ಆದರ್ಶವಲ್ಲ, ಅನಿವಾರ್ಯ.

ಎಲ್ಲರದೂ ಪೂರ್ತಿಯಾಗಲಿ ಎಂದು ಕಾಯಬೇಡಿ. ನೂರಕ್ಕೆ ಅರವತ್ತು ಎಪ್ಪತ್ತು ಪಾಲು ಕೆತ್ತನೆ ಆದವರನ್ನೆಲ್ಲ ಪ್ರೂಫಿನ ಮೇಜಿಗೆ ಕಳಿಸಿ.

ಇಂಕು ಹಾಕಿ ಪ್ರೂಫ್ ತೆಗೆಯುವುದು

ತರಗತಿಯನ್ನು ಎರಡು ಭಾಗ ಮಾಡಿ. ಕಿಟಕಿಯ ಕಡೆ ಕೆತ್ತುವವರು, ಬಾಗಿಲಿನ ಕಡೆ ಅಚ್ಚಿನ ಮೇಜು. ಅಚ್ಚಿನ ಮೇಜಿನಲ್ಲಿ ಇಬ್ಬಿಬ್ಬರು ಜೊತೆ: ಒಬ್ಬರ ಕೈ ಇಂಕಿನದು, ಇನ್ನೊಬ್ಬರದು ಶುಚಿ. ಶುಚಿ ಕೈಯವರು ಮಾತ್ರ ಹಾಳೆ ಮುಟ್ಟಬೇಕು. ಈ ಒಂದು ನಿಯಮದಿಂದ ಹಾಳೆಗಳ ಮೇಲಿನ ಬೆರಳಚ್ಚುಗಳು ಮುಕ್ಕಾಲು ಪಾಲು ಇಲ್ಲವಾಗುತ್ತವೆ.

ಒಂದು ಚಮಚದಷ್ಟು ಇಂಕನ್ನು ಟೈಲಿನ ಮೇಲ್ತುದಿಯಲ್ಲಿ ಪಟ್ಟಿಯಾಗಿ ಇಡಿ. ರೋಲರಿನಿಂದ ಸ್ವಲ್ಪವೇ ಎಳೆದುಕೊಂಡು ಉದ್ದಕ್ಕೂ ಅಡ್ಡಕ್ಕೂ ಹರಡಬೇಕು, ಪ್ರತಿ ಸಲ ರೋಲರನ್ನು ಎತ್ತಿ ಮತ್ತೆ ಇಡಬೇಕು. ಹಿಂದೆಮುಂದೆ ಎಳೆದಾಡುತ್ತಲೇ ಇದ್ದರೆ ಅದೇ ಭಾಗ ಅದೇ ಜಾಗಕ್ಕೆ ತಾಗುತ್ತಿರುತ್ತದೆ. ಇಂಕಿನ ಪದರ ದೋಸೆಯ ಕಾವಲಿಗೆ ಎಣ್ಣೆ ಸವರಿದಷ್ಟೇ ತೆಳುವಾಗಿರಬೇಕು. ಸರಿಯಾಗಿದೆಯೆಂದು ತಿಳಿಯುವುದು ಕಿವಿಯಿಂದ. ಇಂಕು ಹೆಚ್ಚಿದ್ದಾಗ ರೋಲರ್ ಪಚಪಚ ಎನ್ನುತ್ತದೆ, ಮೇಲ್ಮೈ ಕಿತ್ತಳೆಯ ಸಿಪ್ಪೆಯ ಹಾಗೆ ಉಬ್ಬುತಗ್ಗಾಗುತ್ತದೆ. ಹದವಾದಾಗ ಸಣ್ಣಗೆ ಸುಯ್ಯೆನ್ನುವ ಸದ್ದು, ಮೇಲ್ಮೈ ನುಣುಪು. ಮಕ್ಕಳಿಗೆ ಕಣ್ಣು ಮುಚ್ಚಿ ಆ ಸದ್ದನ್ನು ಕೇಳಿಸಿ, ಮತ್ತೆ ಹೇಳಬೇಕಾಗಿಲ್ಲ.

ಹಲಗೆಗೆ ಒಂದೇ ಸಲ ದಪ್ಪವಾಗಿ ಹಚ್ಚಬೇಡಿ. ತೆಳುವಾಗಿ ಹಚ್ಚಿ, ರೋಲರನ್ನು ಟೈಲಿಗೆ ಒಯ್ದು ಮತ್ತೆ ತುಂಬಿಸಿಕೊಂಡು ಇನ್ನೊಂದು ದಿಕ್ಕಿನಿಂದ ಹಚ್ಚಿ. ಹೊಸ ಹಲಗೆ ಇಂಕು ಕುಡಿಯುತ್ತದೆ, ಆದ್ದರಿಂದ ಮೊದಲ ಒಂದೆರಡು ಅಚ್ಚು ಪೇಲವವಾಗಿ ಬರುವುದು ಸಹಜ. ಅದನ್ನು ಮೊದಲೇ ಹೇಳಿಡಿ.

ಹಾಳೆ ಅಡ್ಡಾದಿಡ್ಡಿ ಬೀಳದಂತೆ ರಟ್ಟಿನ ಮೇಲೆ ಹಲಗೆಯ ಅಳತೆಯನ್ನೂ ಹಾಳೆಯ ಅಳತೆಯನ್ನೂ ಗೆರೆ ಹಾಕಿ ಗುರುತು ಮಾಡಿ. ಇಂಕು ಹಚ್ಚಿದ ಹಲಗೆಯನ್ನು ಒಳಗಿನ ಗುರುತಿಗೆ ಕೂರಿಸಿ, ಹಾಳೆಯ ಎರಡು ಮೂಲೆಗಳನ್ನು ಹೊರಗಿನ ಗುರುತಿಗೆ ಹೊಂದಿಸಿ ನಿಧಾನವಾಗಿ ಬಿಡಿ. ಬಿದ್ದ ಮೇಲೆ ಸರಿಸಕೂಡದು. ಅಂಗೈಯಿಂದ ಒಮ್ಮೆ ಒತ್ತಿ, ಆಮೇಲೆ ಸೌಟಿನ ಬೆನ್ನಿನಿಂದ ನಡುವಿನಿಂದ ಅಂಚಿನ ಕಡೆಗೆ ಸಣ್ಣ ಸುತ್ತುಗಳಲ್ಲಿ ಉಜ್ಜಬೇಕು. ತೆಳು ಕಾಗದವಾದರೆ ಬೆನ್ನಿನಿಂದಲೇ ಕಪ್ಪು ಮಸುಕಾಗಿ ಕಾಣತೊಡಗುತ್ತದೆ. ಕಾಣದ ಜಾಗಕ್ಕೆ ಇನ್ನಷ್ಟು ಉಜ್ಜು ಬೇಕು. ಒಂದು ಮೂಲೆಯನ್ನು ಮಾತ್ರ ಎತ್ತಿ ನೋಡಿ, ಸಾಲದಿದ್ದರೆ ಹಾಗೇ ಇಳಿಸಿ ಮತ್ತೆ ಉಜ್ಜಬಹುದು. ಪೂರ್ತಿ ಎತ್ತಿದ ಮೇಲೆ ಆ ಅವಕಾಶವಿಲ್ಲ.

ಪ್ರೂಫ್ ಓದುವುದು

ಪ್ರೂಫ್ ಕೈಗೆ ಬಂದಾಗ "ಚೆನ್ನಾಗಿದೆ" ಎಂದು ಬೆನ್ನು ತಟ್ಟಿ ಕಳಿಸುವುದು ಸುಲಭ. ಅದರ ಬದಲು ಕೆಂಪು ಪೆನ್ಸಿಲ್ ಕೊಡಿ. ಪ್ರತಿಯೊಬ್ಬರೂ ತಮ್ಮ ಪ್ರೂಫಿನ ಮೇಲೆಯೇ ಮೂರು ಜಾಗಗಳಿಗೆ ಸುತ್ತು ಹಾಕಲಿ: ಇಲ್ಲಿ ಇನ್ನೂ ತೆಗೆಯಬೇಕು, ಇಲ್ಲಿ ಮುಟ್ಟಬಾರದು, ಇಲ್ಲಿ ಏನು ಮಾಡಬೇಕೋ ತಿಳಿಯದು. ಮೂರನೆಯ ಸುತ್ತಿನ ಬಗ್ಗೆ ಮಾತ್ರ ನಿಮ್ಮ ಬಳಿ ಬಂದು ಕೇಳಲಿ.

ನಾಯಿ ಕೆತ್ತಿದ ಹುಡುಗನ ಪ್ರೂಫನ್ನೇ ತೆಗೆದುಕೊಳ್ಳಿ. ನಾಯಿ ಕಪ್ಪು, ಹಿಂದಿನ ಗೋಡೆಯೂ ಕಪ್ಪು, ನಡುವೆ ಒಂದು ಬಿಳಿ ಗೆರೆ. ದೂರದಿಂದ ನೋಡಿದರೆ ನಾಯಿ ಕಾಣುವುದೇ ಇಲ್ಲ. ಗೋಡೆಯನ್ನು ಪೂರ್ತಿ ತೆಗೆದುಬಿಡುವುದೇ ಅವನಿಗೆ ಮೊದಲು ಹೊಳೆಯುವ ಉಪಾಯ. ತಡೆದು, ಪ್ರೂಫಿನ ಮೇಲೆ ಬಿಳಿ ಪೋಸ್ಟರ್ ಬಣ್ಣದಿಂದ ಆ ಜಾಗ ಮುಚ್ಚಿ ನೋಡು ಎನ್ನಿ. ನಾಯಿಯ ಬೆನ್ನಿನ ಹಿಂದೆ ಮಾತ್ರ ಅಡ್ಡಗೆರೆಗಳನ್ನು ಹಾಕಿ ಇಟ್ಟಿಗೆ ಮಾಡಿದರೆ ಸಾಕಾಗುತ್ತದೆಂದು ಐದು ನಿಮಿಷದಲ್ಲಿ ಅವನೇ ಕಂಡುಕೊಳ್ಳುತ್ತಾನೆ. ಬಣ್ಣವನ್ನು ಪ್ರೂಫಿನ ಮೇಲೆ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಹಲಗೆಯಲ್ಲಿ ಒಮ್ಮೆ ಮಾತ್ರ.

ಅಚ್ಚಿನ ದೋಷವನ್ನೂ ಕೆತ್ತನೆಯ ದೋಷವನ್ನೂ ಬೇರೆ ಮಾಡಿ ನೋಡಲು ಕಲಿಸಿ. ಕಪ್ಪಿನ ನಡುವೆ ಉಪ್ಪು ಉದುರಿದ ಹಾಗೆ ಬಿಳಿ ಚುಕ್ಕಿಗಳಿದ್ದರೆ ಇಂಕು ಅಥವಾ ಉಜ್ಜು ಸಾಲದು. ಸಣ್ಣ ಗೆರೆಗಳು ಮುಚ್ಚಿಹೋಗಿದ್ದರೆ ಇಂಕು ಹೆಚ್ಚಾಗಿದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗೆರೆಗಳನ್ನು ತಿಕ್ಕಿ, ಎರಡು ಬಾರಿ ನ್ಯೂಸ್‌ಪ್ರಿಂಟಿಗೆ ಒತ್ತಿ ಇಂಕು ಇಳಿಸಬೇಕು. ಗೆರೆ ಎರಡೆರಡಾಗಿ ಕಂಡರೆ ಉಜ್ಜುವಾಗ ಹಾಳೆ ಸರಿದಿದೆ. ಒಂದು ಮೂಲೆ ಮಾತ್ರ ಪೇಲವವಾಗಿದ್ದರೆ ಹಲಗೆ ಬಾಗಿದೆ, ಅಡಿಯಲ್ಲಿ ಒಂದು ಪದರ ಕಾಗದ ಕೊಡಿ. ಇವ್ಯಾವುವೂ ಉಳಿಯಿಂದ ಸರಿಯಾಗುವಂಥವಲ್ಲ. ಆದರೂ ಮಕ್ಕಳ ಕೈ ಮೊದಲು ಹೋಗುವುದು ಉಳಿಗೇ.

ಎಲ್ಲ ಪ್ರೂಫುಗಳಿಗೂ ದಿನಾಂಕ ಬರೆಸಿ ಒಂದು ಫೈಲಿನಲ್ಲಿ ಇಡಿಸಿ. ಮೌಲ್ಯಮಾಪನಕ್ಕೆ ಇದೇ ಆಧಾರವಾಗುತ್ತದೆ.

ಕೊನೆಯ ಪ್ರತಿಗಳು

ಒಬ್ಬೊಬ್ಬರು ಐದು ಪ್ರತಿ ತೆಗೆದರೆ ಚೆನ್ನ. ಐದೂ ಒಂದೇ ರೀತಿ ಇರಬೇಕೆಂಬುದು ಇಲ್ಲಿಯ ಶಿಸ್ತು. ಮಕ್ಕಳಿಗೆ ಇದು ಬೇಸರದ ಕೆಲಸ ಎನಿಸಬಹುದು, ಆದರೂ ಬಿಡಬೇಡಿ. ಒಣಗಲು ದಾರ ಕಟ್ಟಿ ಬಟ್ಟೆ ಕ್ಲಿಪ್ಪಿನಿಂದ ತೂಗಿಸಿ, ಫ್ಯಾನಿನ ನೇರಕ್ಕೆ ಬೇಡ.

ಒಣಗಿದ ಮೇಲೆ ಚಿತ್ರದ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆಯುವ ಪದ್ಧತಿ ಇದೆ: ಎಡಕ್ಕೆ ಪ್ರತಿಯ ಸಂಖ್ಯೆ, ನಡುವೆ ಶೀರ್ಷಿಕೆ, ಬಲಕ್ಕೆ ಸಹಿ. 2/5 ಎಂದರೆ ಒಟ್ಟು ಐದು ಪ್ರತಿಗಳಲ್ಲಿ ಎರಡನೆಯದು. ಕಲಾವಿದ ತನಗೆಂದು ಉಳಿಸಿಕೊಳ್ಳುವ ಪ್ರತಿಗೆ ಎ.ಪಿ. ಎಂದು ಗುರುತು. ಐದರಲ್ಲಿ ಒಂದನ್ನು ಶಾಲೆಗೆ ಇರಿಸಿಕೊಂಡು, ಉಳಿದವನ್ನು ಮಕ್ಕಳು ತಮ್ಮತಮ್ಮಲ್ಲಿ ಬದಲಾಯಿಸಿಕೊಳ್ಳಲಿ. ಮೂಲಚಿತ್ರವೊಂದು ಹಲವು ಮನೆಗಳಿಗೆ ಹೋಗಬಹುದೆಂಬುದು ಈ ಕಲೆಯ ಸೊಗಸು.

ಹುಮ್ಮಸ್ಸಿನ ಮಕ್ಕಳಿದ್ದರೆ ಎರಡನೆಯ ಬಣ್ಣಕ್ಕೆ ಕೈ ಹಾಕಿಸಬಹುದು. ಒಂದೇ ಹಲಗೆಯಲ್ಲಿ ಮೊದಲು ಸ್ವಲ್ಪ ಕೆತ್ತಿ ತಿಳಿಬಣ್ಣದಲ್ಲಿ ಎಲ್ಲ ಪ್ರತಿಗಳನ್ನೂ ತೆಗೆಯುವುದು, ಅವು ಒಣಗಿದ ಮೇಲೆ ಅದೇ ಹಲಗೆಯನ್ನು ಮುಂದೆ ಕೆತ್ತಿ ಅದರ ಮೇಲೆ ಕಡುಬಣ್ಣ ಒತ್ತುವುದು. ಪಿಕಾಸೊ 1950ರ ದಶಕದ ಕೊನೆಯಲ್ಲಿ ಫ್ರಾನ್ಸಿನ ವಾಲೊರಿಯಲ್ಲಿ ಮುದ್ರಕ ಆರ್ನೇರಾ ಜೊತೆ ಸೇರಿ ಈ ವಿಧಾನದಲ್ಲಿ ಬಹಳಷ್ಟು ಲಿನೋಕಟ್ ಮಾಡಿದ. ಹಿಂದಕ್ಕೆ ಹೋಗುವ ದಾರಿಯೇ ಇಲ್ಲದ್ದರಿಂದ, ಹಾಳಾಗುವ ಪ್ರತಿಗಳನ್ನೂ ಲೆಕ್ಕ ಹಾಕಿ ಮೊದಲ ಬಣ್ಣದಲ್ಲಿ ಎಂಟು ಹತ್ತು ತೆಗೆದಿಟ್ಟುಕೊಳ್ಳಲು ಹೇಳಿ. ಕೆನೆಬಣ್ಣದ ಕಾಗದದ ಮೇಲೆ ಕಾವಿ ಕೆಂಪು, ಅದರ ಮೇಲೆ ಕಪ್ಪು: ಮೊದಲ ಪ್ರಯತ್ನಕ್ಕೆ ಇಷ್ಟು ಸಾಕು.

ತೊಳೆಯುವುದು, ಎತ್ತಿಡುವುದು, ಅಂಕ ಕೊಡುವುದು

ಎಣ್ಣೆ ಇಂಕಿಗೆ ಸೀಮೆಎಣ್ಣೆ, ಪೆಟ್ರೋಲು ಬೇಡ. ತರಗತಿಯಲ್ಲಿ ಅದರ ವಾಸನೆಯೂ ಅಪಾಯವೂ ಬೇಕಿಲ್ಲ. ಅಡುಗೆ ಎಣ್ಣೆಯಲ್ಲಿ ಅದ್ದಿದ ಚಿಂದಿಯಿಂದ ಇಂಕು ಬಿಡಿಸಿ, ಆಮೇಲೆ ಪಾತ್ರೆ ತೊಳೆಯುವ ಸೋಪಿನಲ್ಲಿ ಒರೆಸಿದರೆ ಟೈಲು, ರೋಲರು, ಕೈ ಎಲ್ಲವೂ ಶುಚಿ. ಲಿನೋವನ್ನು ನೀರಿನಲ್ಲಿ ನೆನೆಹಾಕಬೇಡಿ, ಸೆಣಬು ಊದಿ ಹಲಗೆ ಬಾಗುತ್ತದೆ. ಎಣ್ಣೆ ಇಂಕಿನ ಚಿಂದಿಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವುದು ಅಪಾಯ. ಅಗಸೆ ಎಣ್ಣೆಯಂಥವು ಗಾಳಿಯೊಡನೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗಲಾರದೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಕಲ್ಲಿನ ಮೇಲೆ ಬಿಡಿಬಿಡಿಯಾಗಿ ಹರಡಿ ಒಣಗಿಸಿ, ಆಮೇಲೆ ಎಸೆಯಿರಿ. ರೋಲರನ್ನು ರಬ್ಬರ್ ಕೆಳಗೆ ಮಾಡಿ ಇಟ್ಟರೆ ಚಪ್ಪಟೆಯಾಗುತ್ತದೆ, ತೂಗುಹಾಕಿ. ಹಲಗೆಗಳನ್ನು ಒಣಗಿದ ಮೇಲೆ ನಡುನಡುವೆ ಕಾಗದ ಇಟ್ಟು ಚಪ್ಪಟೆಯಾಗಿ ಮಲಗಿಸಿಡಿ.

ಅಂಕ ಕೊಡುವಾಗ ಕೊನೆಯ ಪ್ರತಿಯನ್ನು ಮಾತ್ರ ನೋಡಿದರೆ ಕೈಚಳಕವಿದ್ದ ನಾಲ್ವರಿಗೇ ಅಂಕವೆಲ್ಲ ಹೋಗುತ್ತದೆ. ನನ್ನ ಲೆಕ್ಕ ಹೀಗೆ: ಹತ್ತರಲ್ಲಿ ನಾಲ್ಕು ಅಂಕ ಮೊದಲ ಪ್ರೂಫಿನಿಂದ ಕೊನೆಯ ಪ್ರತಿಗೆ ಆದ ಬದಲಾವಣೆಗೆ, ಮೂರು ಕಪ್ಪುಬಿಳುಪಿನ ಹೊಂದಾಣಿಕೆಗೆ, ಎರಡು ಅಚ್ಚಿನ ಚೊಕ್ಕತನಕ್ಕೆ, ಒಂದು ಉಳಿ ಮತ್ತು ಮೇಜನ್ನು ಇಟ್ಟುಕೊಂಡ ರೀತಿಗೆ. ಕೆಂಪು ಸುತ್ತುಗಳಿರುವ ಪ್ರೂಫುಗಳನ್ನು ಫೈಲಿನಲ್ಲಿ ಇಡದವರಿಗೆ ಮೊದಲ ನಾಲ್ಕು ಅಂಕ ಸಿಗುವುದಿಲ್ಲ ಎಂದು ಎರಡನೆಯ ವಾರವೇ ಹೇಳಿಬಿಡಿ.